ಡೇಟಾಬೇಸ್ ಹದಿನಾರಾದವು, ಮೆಮೊರಿ ಮಾತ್ರ ಅದೇ 64 ಜಿಬಿ

ಡೇಟಾಬೇಸ್ ಒಡೆದರೆ ಸರ್ವರ್ ಹಗುರಾಗುತ್ತೆ ಅಂತ ಯಾರಾದರೂ ಹೇಳಿದರೆ ಈಗ ನಾನು ಮೊದಲು ಕೇಳುವುದು, ಕನೆಕ್ಷನ್ ಎಷ್ಟಾಗುತ್ತವೆ ಅಂತ. ಕಳೆದ ಜೂನ್‌ವರೆಗೆ ನಮ್ಮ ತಂಡದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ನಮ್ಮದು ಶಾಲೆಗಳ ಹಾಜರಿ, ಫೀಸು, ಅಂಕಪಟ್ಟಿ ನೋಡಿಕೊಳ್ಳುವ ವೆಬ್‌ಸೈಟ್. ಡೇಟಾ ಇಡುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ. ಮೊದಲು ಎಲ್ಲ ಶಾಲೆಗಳೂ ಒಂದೇ ಡೇಟಾಬೇಸ್‌ನಲ್ಲಿದ್ದವು. ಹಾಜರಿ ಟೇಬಲ್ ಬೆಳೆದು ಬೆಳೆದು ವ್ಯಾಕ್ಯೂಮ್ (ಹಳೆಯ ಸಾಲುಗಳ ಕಸ ಗುಡಿಸುವ ಕೆಲಸ) ಮುಗಿಯದ ಸ್ಥಿತಿಗೆ ಬಂದಾಗ, ಜಿಲ್ಲೆಗಳನ್ನು ಗುಂಪು ಮಾಡಿ 16 ಡೇಟಾಬೇಸ್ ಮಾಡಿದೆವು. ಅವನ್ನು ನಾಲ್ಕು ಮಷೀನ್‌ಗೆ ಹಂಚುವುದು ಮೂಲ ಯೋಜನೆ. ಮಷೀನ್ ಮಂಜೂರಾಗಲಿಲ್ಲ. "ಒಡೆಯೋ ಕೆಲಸ ಆಯ್ತಲ್ಲ, ಮಷೀನು ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ" ಎಂದರು ಮೇಲಿನವರು. ಹದಿನಾರೂ ಅದೇ ಮಷೀನಿನಲ್ಲಿ, ಅದೇ ಕ್ಲಸ್ಟರ್‌ನೊಳಗೆ, ಅಂದರೆ ಓಡುತ್ತಿರುವ ಅದೇ ಒಂದು ಪೋಸ್ಟ್‌ಗ್ರೆಸ್‌ನೊಳಗೆ, ಉಳಿದವು. ಹಾಗಾಗಿ ಎಲ್ಲರೂ ಹಂಚಿಕೊಳ್ಳುವ ಮೆಮೊರಿಯಾದ ಶೇರ್ಡ್ ಬಫರ್ಸ್ ಒಂದೇ, ಬದಲಾವಣೆಗಳ ದಾಖಲೆಯಾದ ವಾಲ್ (WAL) ಒಂದೇ, ಎಲ್ಲ ಪ್ರಾಸೆಸ್‌ಗಳ ಯಜಮಾನನಾದ ಪೋಸ್ಟ್‌ಮಾಸ್ಟರ್ ಒಂದೇ. ಒಡೆದದ್ದು ಹೆಸರಿಗಷ್ಟೇ. ಈ ಮಾತನ್ನು ಮೀಟಿಂಗ್‌ನಲ್ಲಿ ಹೇಳಿದ್ದೆವು, ಮಿನಿಟ್ಸ್‌ನಲ್ಲೂ ಇದೆ.

ಆದರೆ ಒಂದು ಸಂಗತಿ ನಮಗೂ ಹೊಳೆದಿರಲಿಲ್ಲ. ವೆಬ್‌ಸೈಟಿಗೂ ಪೋಸ್ಟ್‌ಗ್ರೆಸ್‌ಗೂ ನಡುವೆ ಕೂತು ಕನೆಕ್ಷನ್‌ಗಳನ್ನು ಮರುಬಳಕೆ ಮಾಡಿಸುವುದು ಪಿಜಿಬೌನ್ಸರ್. ಅದು ಪೂಲ್ (ಕನೆಕ್ಷನ್‌ಗಳ ಗುಂಪು) ಕಟ್ಟುವುದು ಯೂಸರ್ ಮತ್ತು ಡೇಟಾಬೇಸ್ ಜೋಡಿಗೊಂದರಂತೆ. ಒಂದೇ ಡೇಟಾಬೇಸ್ ಇದ್ದಾಗ ಡೀಫಾಲ್ಟ್ ಪೂಲ್ ಸೈಜ್ 40 ಎಂದರೆ ನಿಜಕ್ಕೂ 40 ಕನೆಕ್ಷನ್. ಒಡೆದ ಮೇಲೆ ಅದೇ ಸಾಲಿನ ಅರ್ಥ 640. ಡೇಟಾಬೇಸ್ ಪಟ್ಟಿಯಲ್ಲಿ 'ಎಲ್ಲವೂ' ಎಂಬರ್ಥದ ನಕ್ಷತ್ರ ಚಿಹ್ನೆ ಹಾಕಿದ್ದರಿಂದ ಕಾನ್ಫಿಗ್‌ನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾಗದ ಫೈಲನ್ನು ಕೋಡ್ ರಿವ್ಯೂನಲ್ಲಿ ಯಾರು ತೆರೆಯುತ್ತಾರೆ? ಲೋಡ್ ಟೆಸ್ಟ್‌ನಲ್ಲಿ ಕನೆಕ್ಷನ್ ಸಾಲದೆಂಬ ಎರರ್ ಬಂತು, ಪೋಸ್ಟ್‌ಗ್ರೆಸ್ ಒಪ್ಪುವ ಮಿತಿ, ಮ್ಯಾಕ್ಸ್ ಕನೆಕ್ಷನ್ಸ್, 700 ಆಯಿತು, ಟಿಕೆಟ್ ಕ್ಲೋಸ್ ಆಯಿತು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದು ಮೇಷ್ಟ್ರುಗಳೆಲ್ಲ ಹಾಜರಿ ಹಾಕುವ ಹೊತ್ತು ಎಲ್ಲ ಜಿಲ್ಲೆಗೂ ಒಂದೇ. ಹದಿನಾರೂ ಪೂಲ್ ಒಟ್ಟಿಗೆ ತುಂಬಿದವು. ಮೆಮೊರಿ ಮುಗಿದಾಗ ಯಾವುದಾದರೂ ಪ್ರಾಸೆಸ್ ಕೊಲ್ಲುವ ಕರ್ನೆಲ್‌ನ ಓಓಎಂ ಕಿಲ್ಲರ್, ಒಂದು ಬ್ಯಾಕೆಂಡ್ ಪ್ರಾಸೆಸ್ (ಒಂದು ಕನೆಕ್ಷನ್ ನೋಡಿಕೊಳ್ಳುವ ಪ್ರಾಸೆಸ್) ಕೊಂದಿತು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಬ್ಯಾಕೆಂಡ್ ಹೀಗೆ ಸತ್ತರೆ ಶೇರ್ಡ್ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಮಾಸ್ಟರ್ ಉಳಿದ ಎಲ್ಲ ಕನೆಕ್ಷನ್ ಕಿತ್ತುಹಾಕಿ ರಿಕವರಿಗೆ ಹೋಗುತ್ತದೆ. ಸತ್ತದ್ದು ಬೀದರ್ ಗುಂಪಿನ ಪ್ರಾಸೆಸ್, ಮೈಸೂರಿನ ಶಾಲೆಗಳೂ ಬಿದ್ದವು. ರಿಕವರಿ ಮುಗಿಸಿ ಎದ್ದ ಕೂಡಲೇ ಎಲ್ಲರೂ ಮತ್ತೆ ನುಗ್ಗಿದರು. ಕೆಲವೇ ನಿಮಿಷಕ್ಕೆ ಮತ್ತೆ ಅದೇ ಕಥೆ.

ಹೊಸದಾಗಿ ಸೇರಿದ್ದ ಹುಡುಗ, ಪ್ರಾಸೆಸ್‌ಗಳ ಪಟ್ಟಿ ತೋರಿಸುವ ಟಾಪ್ ತೆರೆದು ಗಾಬರಿಯಾದ. "ಸಾರ್, ಒಂದೊಂದು ಪ್ರಾಸೆಸ್ಸೂ ಒಂಬತ್ತು ಜಿಬಿ ತಿಂತಾ ಇದೆ!" ಕಾಲ್‌ನಲ್ಲಿದ್ದ ಮ್ಯಾನೇಜರ್, "ದೊಡ್ಡದನ್ನ ಕೊಂದುಬಿಡಿ, ನೋಡೋಣ" ಎಂದರು. ಅವನು ಪ್ರಾಸೆಸ್ಸನ್ನು ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ ನೈನ್ ಟೈಪ್ ಮಾಡಿಯೇ ಬಿಟ್ಟಿದ್ದ. "ತಡಿ, ಎಂಟರ್ ಒತ್ತಬೇಡ!" ಎಂದು ನಾನು ಕೂಗಿದ್ದು ಪಕ್ಕದ ಟೀಮಿಗೂ ಕೇಳಿಸಿತು. ಓಓಎಂ ಕಿಲ್ಲರ್ ಮಾಡಿದ್ದೇ ಆ ಕೆಲಸ. ಅದನ್ನೇ ನಾವು ಕೈಯಾರೆ ಮಾಡಿದ್ದರೆ ಮತ್ತೊಂದು ಸುತ್ತು ಎಲ್ಲ ಜಿಲ್ಲೆಗಳೂ ಬೀಳುತ್ತಿದ್ದವು. ಟಾಪ್ ತೋರಿಸುವ ಆ ಒಂಬತ್ತು ಜಿಬಿಯಲ್ಲಿ ಬಹುಪಾಲು ಶೇರ್ಡ್ ಬಫರ್ಸ್‌ನದು. ಒಂದೇ ಮೆಮೊರಿ, ಅದನ್ನು ಮುಟ್ಟಿದ ಪ್ರತಿ ಪ್ರಾಸೆಸ್‌ನ ಲೆಕ್ಕದಲ್ಲೂ ಕಾಣುತ್ತದೆ. ಒಬ್ಬೊಬ್ಬರದೇ ಪಾಲು ಬೇಕಿದ್ದರೆ, ಹಂಚಿಕೊಂಡ ಮೆಮೊರಿಯನ್ನು ಭಾಗ ಮಾಡಿ ಎಣಿಸುವ ಪಿಎಸ್ಎಸ್ ಅಂಕಿ ನೋಡಬೇಕು.

ಹಾಗಾದರೆ ಮೆಮೊರಿ ಹೋದದ್ದೆಲ್ಲಿಗೆ? ಎಲ್ಲರಂತೆ ನಾನೂ ಮೊದಲು ಅನುಮಾನಪಟ್ಟದ್ದು ವರ್ಕ್ ಮೆಮ್ ಮೇಲೆ, ಅಂದರೆ ಸಾರ್ಟ್‌ನಂಥ ಕೆಲಸಕ್ಕೆ ಕ್ವೆರಿ ಬಳಸಬಹುದಾದ ಮೆಮೊರಿಯ ಮಿತಿಯ ಮೇಲೆ. ಸಾರ್ಟ್ ಮಾಡುವ ರಿಪೋರ್ಟ್ ಕ್ವೆರಿಗಳಿದ್ದವು, ಅನುಮಾನಕ್ಕೆ ಕಾರಣವೂ ಇತ್ತು. 16 ಎಂಬಿಯಿಂದ 4 ಎಂಬಿಗೆ ಇಳಿಸಿ ರೀಲೋಡ್ ಕೊಟ್ಟೆವು. ಗ್ರಾಫ್ ಅಲುಗಲಿಲ್ಲ. ಸಪೋರ್ಟ್ ಟೀಮಿನ ಫೋನ್‌ಗಳು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದ್ದವು. ಕೊನೆಗೆ ಡ್ಯಾಶ್‌ಬೋರ್ಡ್ ಬಿಟ್ಟು, ಕರ್ನೆಲ್ ಮೆಮೊರಿಯ ಲೆಕ್ಕ ಕೊಡುವ ಮೆಮ್‌ಇನ್‌ಫೋ ಫೈಲನ್ನು ಸಾಲು ಸಾಲಾಗಿ ಓದುತ್ತಾ ಬಂದಾಗ ಸಿಕ್ಕಿತು. ಪೇಜ್ ಟೇಬಲ್ಸ್: 17 ಜಿಬಿ. ಡೇಟಾ ಅಲ್ಲ, ಕ್ವೆರಿ ಅಲ್ಲ, ಮೆಮೊರಿಯ ವಿಳಾಸ ಬರೆದಿಡಲಿಕ್ಕೇ 17 ಜಿಬಿ.

ಲೆಕ್ಕ ಸರಳ. ನಮ್ಮ ಶೇರ್ಡ್ ಬಫರ್ಸ್ 16 ಜಿಬಿ. 4 ಕೆಬಿ ಪುಟಗಳಾಗಿ ಎಣಿಸಿದರೆ 41,94,304 ಪುಟ, ಪುಟಕ್ಕೆ 8 ಬೈಟ್‌ನ ನಮೂದು, ಒಟ್ಟು 32 ಎಂಬಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದು ಬೇರೆ ಪ್ರಾಸೆಸ್ ಆದ್ದರಿಂದ ಆ 32 ಎಂಬಿ ಪ್ರತಿಯೊಂದಕ್ಕೂ ಬೇರೆ. ಊರು ಒಂದೇ, ಅದರ ನಕ್ಷೆಯನ್ನು ಮಾತ್ರ 640 ಜನ ಬೇರೆ ಬೇರೆ ಬರೆದಿಟ್ಟುಕೊಂಡ ಹಾಗೆ. ಡೇಟಾಬೇಸ್ ಸಣ್ಣದಾದರೂ ಇದರಿಂದ ಪಾರಾಗಲಿಲ್ಲ. ಹದಿನಾರರ ಪುಟಗಳೂ ಬಫರ್‌ನಲ್ಲಿ ಚದುರಿ ಕೂತಿರುತ್ತವೆ, 2 ಎಂಬಿ ಜಾಗದಲ್ಲಿ ಒಂದೇ ಪುಟ ಮುಟ್ಟಿದರೂ ಆ ಭಾಗದ 4 ಕೆಬಿ ಟೇಬಲ್ ಪೂರ್ತಿ ಹುಟ್ಟುತ್ತದೆ. ಪಿಜಿಬೌನ್ಸರ್ ಒಂದು ಸರ್ವರ್ ಕನೆಕ್ಷನ್ನನ್ನು ಡೀಫಾಲ್ಟ್ ಆಗಿ 3,600 ಸೆಕೆಂಡ್‌ವರೆಗೂ ಮರುಬಳಕೆ ಮಾಡುತ್ತದೆ, ಅಷ್ಟರಲ್ಲಿ ಅದು ಬಫರ್‌ನ ಮೂಲೆಮೂಲೆಯನ್ನೂ ಮುಟ್ಟಿರುತ್ತದೆ.

ಪೂಲ್ ಸೈಜ್ 6ಕ್ಕೆ ಇಳಿಸಿದೆವು. ರೀಲೋಡ್ ಕೊಟ್ಟು, ಹಳೆಯ ಕನೆಕ್ಷನ್‌ಗಳು ಹೋಗಲೆಂದು ರೀಕನೆಕ್ಟ್ ಕೊಟ್ಟೆವು. 640 ಇದ್ದದ್ದು 96 ಆಯಿತು, ಪೇಜ್ ಟೇಬಲ್ಸ್ 3 ಜಿಬಿಯೊಳಗೆ ಬಂತು. "ಇಷ್ಟು ಕಮ್ಮಿ ಕನೆಕ್ಷನ್ನಾ?" ಎಂದು ಮ್ಯಾನೇಜರ್ ಹೆದರಿದರು. ಆದರೆ ಹಾಜರಿ ಪುಟ ಮೊದಲಿಗಿಂತ ಬೇಗ ತೆರೆಯಿತು. 16 ಕೋರ್‌ನ ಮಷೀನ್ 640 ಕ್ವೆರಿಗಳನ್ನು ಒಟ್ಟಿಗೆ ಓಡಿಸಲು ಸಾಧ್ಯವೇ ಇರಲಿಲ್ಲ.

ಆ ರಾತ್ರಿ ಹ್ಯೂಜ್ ಪೇಜಸ್ ಹಾಕಿದೆವು. ಪುಟ 4 ಕೆಬಿ ಬದಲು 2 ಎಂಬಿ ಆದರೆ 16 ಜಿಬಿಗೆ 8,192 ಪುಟ ಸಾಕು, ನಮೂದುಗಳಿಗೆ ಕನೆಕ್ಷನ್‌ಗೆ 32 ಎಂಬಿ ಬದಲು 64 ಕೆಬಿ. ಇಲ್ಲಿ ನನ್ನ ಒಂದು ತಕರಾರಿದೆ. ಪೋಸ್ಟ್‌ಗ್ರೆಸ್‌ನ ಈ ಸೆಟ್ಟಿಂಗ್ ಡೀಫಾಲ್ಟ್ ಆಗಿ 'ಟ್ರೈ'. ಹ್ಯೂಜ್ ಪೇಜ್ ಸಿಗದಿದ್ದರೆ ಸದ್ದಿಲ್ಲದೆ ಸಣ್ಣ ಪುಟಗಳಲ್ಲೇ ಎದ್ದು ನಿಲ್ಲುತ್ತದೆ. ನಾವು 'ಆನ್' ಮಾಡಿದೆವು. ಸಿಗದಿದ್ದರೆ ಅದು ಏಳುವುದೇ ಬೇಡ, ಆ ಹೊತ್ತಿಗೇ ಗೊತ್ತಾಗಲಿ. ಎಷ್ಟು ಪುಟ ಮೀಸಲಿಡಬೇಕೆಂದು 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸೇ ಲೆಕ್ಕ ಹೇಳುತ್ತದೆ. ಶೇರ್ಡ್ ಬಫರ್ಸ್‌ಗಿಂತ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ.

ಆರ್‌ಸಿಎ (ಮೂಲ ಕಾರಣದ ವರದಿ) ಬರೆಯುವಾಗ ಮತ್ತೆ ಜಟಾಪಟಿ. ಮೂಲ ಕಾರಣದ ಜಾಗದಲ್ಲಿ 'ಕ್ವೆರಿ ಆಪ್ಟಿಮೈಸ್ ಆಗಿರಲಿಲ್ಲ' ಎಂದು ಬರೆಯಲು ಸೂಚನೆ ಬಂತು. ಕ್ವೆರಿ ಬರೆದ ಹುಡುಗರ ತಲೆಗೆ ಇದನ್ನು ಕಟ್ಟಲು ನಾನು ಒಪ್ಪಲಿಲ್ಲ. ಮೆಮ್‌ಇನ್‌ಫೋ ಔಟ್‌ಪುಟ್ ಅಂಟಿಸಿ, ಮಂಜೂರಾಗದ ಮಷೀನ್‌ಗಳ ಮಿನಿಟ್ಸ್ ಅದರ ಕೆಳಗೆ ಅಂಟಿಸಿ ಕಳಿಸಿದೆ. ಮಷೀನಿನ ಅಂಕಿಗಳನ್ನು ಡ್ಯಾಶ್‌ಬೋರ್ಡ್‌ಗಾಗಿ ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಪೇಜ್ ಟೇಬಲ್ಸ್ ಅಂಕಿಯನ್ನು ಮೊದಲಿನಿಂದಲೂ ಕೊಡುತ್ತಲೇ ಇತ್ತು, ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ 'ಮೆಮೊರಿ ಯೂಸ್ಡ್' ಎಂಬ ಒಂದೇ ಗೆರೆ. ಈಗ ಪೇಜ್ ಟೇಬಲ್ಸ್‌ಗೆ ಬೇರೆ ಪ್ಯಾನೆಲ್, ಬೇರೆ ಅಲರ್ಟ್ ಇದೆ. ಪಿಜಿಬೌನ್ಸರ್‌ನಲ್ಲಿ ನಕ್ಷತ್ರ ತೆಗೆದು ಪ್ರತಿ ಡೇಟಾಬೇಸ್‌ಗೂ ಒಂದೊಂದು ಸಾಲು, ಅದರದೇ ಮಿತಿ ಬರೆದಿದ್ದೇವೆ. ಹದಿನೇಳನೆಯದು ಬೇಕೆಂದವರು ಯಾವುದರಿಂದ ಎಷ್ಟು ಕನೆಕ್ಷನ್ ಕಡಿಯುತ್ತೀರಿ ಎಂಬುದನ್ನೂ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯ ಕೋರಿಕೆಯಲ್ಲಿ) ಬರೆಯಬೇಕು.

ಎರಡು ಮಷೀನ್ ಬಂದಿವೆ. ಬೆಂಗಳೂರು ಮತ್ತು ಬೆಳಗಾವಿ ಗುಂಪುಗಳು ಅಲ್ಲಿಗೆ ಹೋದವು. ಸದ್ಯದ ತಲೆನೋವು ಪಾರ್ಟಿಷನ್‌ಗಳದು, ಅಂದರೆ ದೊಡ್ಡ ಟೇಬಲ್ಲಿನ ತುಂಡುಗಳದು. ಹಾಜರಿ ಟೇಬಲ್‌ಗೆ ತಿಂಗಳಿಗೊಂದು ಪಾರ್ಟಿಷನ್ ಸೇರುತ್ತಿದೆ, ಪ್ರತಿ ಬ್ಯಾಕೆಂಡ್ ತಾನು ಮುಟ್ಟಿದ ಟೇಬಲ್‌ಗಳ ವಿವರವನ್ನು ತನ್ನ ಖಾಸಗಿ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಹ್ಯೂಜ್ ಪೇಜಸ್ ಇದಕ್ಕೆ ಏನೂ ಮಾಡಲಾರದು. ಪಿಜಿಬೌನ್ಸರ್ ಒಂದು ಕನೆಕ್ಷನ್ ಮರುಬಳಕೆ ಮಾಡುವ ಅವಧಿಯನ್ನು (ಸರ್ವರ್ ಲೈಫ್‌ಟೈಮ್) 3,600 ಸೆಕೆಂಡ್‌ನಿಂದ 1,200ಕ್ಕೆ ಇಳಿಸಿ, ಹಳೆಯ ವರ್ಷದ ಪಾರ್ಟಿಷನ್‌ಗಳನ್ನು ಬೇರ್ಪಡಿಸುವ ಕೆಲಸ ಶುರುಮಾಡಿದ್ದೇವೆ.