ಹದಿನೈದು ದಿನ ಎಣಿಸಿದ್ದು ಪರಾಗ ಅಲ್ಲ, ಜೋಳದ ಹಿಟ್ಟು

ಪ್ರತಿ ವರ್ಷ ಸಂಕ್ರಾಂತಿ ಮುಗಿದು ಶಿವರಾತ್ರಿ ಬರೂದ್ರಾಗ ನನ್ ಮೂಗು ನಳ ಆಗತೈತಿ. ಜ್ವರ ಇಲ್ಲ, ಮೈನೋವಿಲ್ಲ, ಬರೇ ಕಣ್ಣು ತುರಿಕಿ, ಸಾಲಾಗಿ ಎಂಟ್ಹತ್ತು ಸೀನು, ಅದೂ ಐದಾರು ವಾರ. ನೆಗಡಿ ಆಗಿದ್ರ ವಾರದಾಗ ಹೋಗಬೇಕಲ್ಲ? ಗಾಳ್ಯಾಗಿನ ಪರಾಗದ ಅಲರ್ಜಿ ಇರಬೇಕು ಅನಿಸ್ತು. ಅದಕ್ಕ ಈ ಸಲ ನಮ್ಮ ಧಾರವಾಡ ಸಪ್ತಾಪುರದ ಮನಿ ಟೆರೇಸ್ ಮ್ಯಾಲ ಪರಾಗ ಹಿಡಿಯೋ ಡರ್ಹಾಮ್ ಟ್ರ್ಯಾಪ್ ಕಟ್ಟೇಬಿಟ್ಟೆ, ಮ್ಯಾಲೊಂದು ಕೆಳಗೊಂದು ಹಳೇ ಸ್ಟೀಲ್ ತಾಟು, ನಡುವ ಪರಾಗ ಅಂಟಲಿ ಅಂತ ವ್ಯಾಸಲೀನ್ ಹಚ್ಚಿದ ಗಾಜಿನ ಸ್ಲೈಡು, 24 ತಾಸಿಗೊಮ್ಮೆ ಬದಲಿ. ಕಟ್ಟೋ ಕಥಿ ಬ್ಯಾಡ.

ತಲಿ ಕೆಟ್ಟಿದ್ದು ಆಮ್ಯಾಲ. ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ದಿನಾ ಸ್ಲೈಡ್ ತುಂಬ ಗುಂಡನ್ನ ಕಾಳು, ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಐವತ್ತನೇ ಪಾಲು), ನಡುವ ಒಂದ್ ಚುಕ್ಕಿ. ಒಂದೇ ತೂತು ಅಂದ್ರ ಹುಲ್ಲಿನ ಪರಾಗ ಅಂತ ನಾ ಖುಷಿಯಿಂದ ಎಣಿಸ್ಕೋತ ಹೋದೆ, ಎಕ್ಸೆಲ್ ಗ್ರಾಫೂ ಹಾಕಿದೆ. ಎರಡು ಅನುಮಾನ ಮಾತ್ರ ಉಳದಿದ್ವು. ಬಿಸಲಿಗೆ ಒಣಗಿದ ಫೆಬ್ರವರಿಯೊಳಗ ಇಷ್ಟ್ ಹುಲ್ಲು ಎಲ್ಲಿ ಹೂ ಬಿಟ್ಟೈತಿ? ಮತ್ತ ಪರಾಗಕ್ಕ ಗುಲಾಬಿ ಬಣ್ಣ ಹತ್ತಿಸೋ ಫುಕ್ಸಿನ್ ಹಾಕಿದ್ರೂ ಒಂದ್ ಕಾಳೂ ಗುಲಾಬಿ ಆಗವಲ್ದು ಯಾಕ?

ಎರಡನೇದಕ್ಕ ಉತ್ತರ ಸುಲಭ ಸಿಕ್ತು, ಹುಬ್ಬಳ್ಳಿ ಅಂಗಡಿಯವ ಬೇಸಿಕ್ ಫುಕ್ಸಿನ್ ಬದಲಿ ಆಸಿಡ್ ಫುಕ್ಸಿನ್ ಕೊಟ್ಟಾನ ಅಂತ ಫೋನ್ ಮಾಡಿ ಚೊಲೋತ್ನಂಗ ಬೈದೆ. ಅವ್ನ ಮ್ಯಾಲ ಸಿಟ್ಟು ಮೊದ್ಲ ಇತ್ತು, ಸ್ಲೈಡ್ ಮ್ಯಾಲ ಮುಚ್ಚೋ ತೆಳು ಗಾಜು, 22 ಮಿಮೀ ಕವರ್ ಸ್ಲಿಪ್ ಕೇಳಿದ್ರ 18 ಕಳಸಿದ್ದ, ನೂರರಾಗ ಹನ್ನೊಂದು ಒಡದಿದ್ವು.

ಅಷ್ಟ್ರಾಗ ಅವ್ವ ಗದಗಿಗೆ ಮದವಿಗೆ ಹೋದ್ಳು. ಮೂರು ದಿನ ಕಾಳು ಸೊನ್ನಿ. ಬಂದ ಮರುದಿನ 140. ಆಗ ಹೊಳೀತು ನೋಡ್ರಿ: ಸ್ಲೈಡಿಗೆ ಹಚ್ಚಾಕ ನಾ ವ್ಯಾಸಲೀನ್ ಕರಗ್ಸೋದು ಅಡಗಿಮನಿ ಒಲಿ ಮ್ಯಾಲ, ಅದರ ಬಾಜೂಕ ಅವ್ವ ತಪ್ ತಪ್ ಅಂತ ರೊಟ್ಟಿ ಬಡೀತಿರ್ತಾಳ! ಪಿಷ್ಟ ಇದ್ರ ನೀಲಿ ಆಗತೈತಿ ಅಂತ ಒಂದು ಹನಿ ಅಯೋಡಿನ್ ಬಿಟ್ಟೆ, ಎಲ್ಲಾ ಕಾಳು ಕಡುನೀಲಿ. ಬಣ್ಣ ಹಾಕದ ಸ್ಲೈಡನ್ನ ಸತ್ತ ಕ್ಯಾಲ್ಕುಲೇಟರಿನ ಪೋಲರೈಸರ್ ಹಾಳಿ (ಬೆಳಕನ್ನ ಒಂದೇ ದಿಕ್ಕಿನ್ಯಾಗ ಬಿಡೋದು) ಎರಡು ಅಡ್ಡಡ್ಡ ಇಟ್ಟು ನೋಡಿದ್ರ ಕಾಳೆಲ್ಲಾ ಕತ್ತಲದಾಗ ದೀಪ ಹಚ್ಚಿದಂಗ ಬೆಳ್ಳಗ, ಒಂದೊಂದರ ಮ್ಯಾಲ ಕರೇ ಶಿಲುಬಿ, ಅದೂ ಪಿಷ್ಟದ್ದ ಗುರ್ತು. ಆ ಚುಕ್ಕಿ ತೂತಲ್ಲ, ಪಿಷ್ಟದ ಕಾಳಿನ ನಡು. ಹದಿನೈದು ದಿನದ ಗ್ರಾಫು ನಮ್ಮನಿ ರೊಟ್ಟಿ ಗ್ರಾಫು. ಅಂಗಡಿಯವ್ಗ ಸಾರಿ ಹೇಳ್ಬೇಕು, ಕವರ್ ಸ್ಲಿಪ್ಪಿಂದು ಬಿಟ್ಟು.

ಈಗ ವ್ಯಾಸಲೀನ್ ಕೆಲಸ ಹಿತ್ತಲ ಕಡಿ, ಮನ್ಯಾಗಿಂದ ಏನರ ಅಂಟೈತೇನು ಅಂತ ದಿನಾ ಒಂದು ಖಾಲಿ ಸ್ಲೈಡ್ ಡಬ್ಬ್ಯಾಗ ಮುಚ್ಚಿಟ್ಟು ಅದನ್ನೂ ನೋಡ್ತೇನಿ. ಹಂಗ ಮಾಡಿದ ಮ್ಯಾಲ ಅಸಲಿ ಕಳ್ಳ ಕಂಡ: ಗುಲಾಬಿ ಬಣ್ಣ ಕುಡದದ್ದು, ಅಂಚಿಗೆ ನಾಕೈದು ತೂತು. ಓಣಿ ತುದಿಯ ತಪಸಿ ಗಿಡದ ಹೂ ತಂದು ಬ್ಯಾರೆ ಸ್ಲೈಡ್ ಮಾಡಿ ಹೋಲಿಸಿದೆ, ಅದ! ಎಲಿ ಉದುರಿ ಬೋಳಾಗಿ ನಿಂತಾಗ ಹಸರನ್ನ ಸಣ್ಣ ಹೂ ಬಿಡತೈತಿ, ಯಾರ ಕಣ್ಣಿಗೂ ಬೀಳಂಗಿಲ್ಲ. ಓಣ್ಯಾಗಿನ ಮಂದಿ ಬೈಯೋದು ಮಾತ್ರ ಬೂರಲ ಹತ್ತಿಗೆ, ಹತ್ತಿ ಕಣ್ಣಿಗೆ ಕಾಣತೈತಲ್ಲ, ಅದಕ್ಕ. ಕಣ್ಣಿಗೆ ಕಾಣೋ ಗುಲ್‌ಮೊಹರೂ ಕಳ್ಳ ಅಲ್ಲ, ಅದರದು ಭಾರದ ಅಂಟು ಪರಾಗ, ಹಕ್ಕಿ ಹುಳ ಒಯ್ಯೋದು. ತಪಸಿದು ಗಾಳಿ ಪಾಲು.

ಹಂಗಂತ ಸ್ಲೈಡಿನ್ಯಾಗ ಕಂಡದ್ದ ನನಗ ಅಲರ್ಜಿ ಅಂತ ಆಗಂಗಿಲ್ಲ, ಪರಾಗದ ಹನಿ ಹಾಕಿ ಚರ್ಮ ಚುಚ್ಚಿ ನೋಡೋ ಪ್ರಿಕ್ ಟೆಸ್ಟ್ ಬೇಕು. ಸದ್ಯಕ್ಕ ಮುಂಜಾನಿ ಕಿಡಕಿ ಬಂದ್, ಟೆರೇಸ್ ಮ್ಯಾಲ ಅರಬಿ ಒಣಹಾಕೋದು ಬಂದ್, ಕುದಿಸಿ ಆರಿಸಿದ ಉಪ್ಪುನೀರಿಂದ ಮೂಗು ತೊಳಿಯೋದು. ಡಾಕ್ಟ್ರು ಕೊಟ್ಟ ಸ್ಟಿರಾಯ್ಡ್ ಸ್ಪ್ರೇ ಎರಡು ವರ್ಷ ಸುಮ್ಮನ ದಂಡ ಮಾಡೇನಿ, ಎರಡು ದಿನ ಹೊಡದು ಕೆಲಸ ಮಾಡಂಗಿಲ್ಲ ಅಂತ ಬಿಡ್ತಿದ್ದೆ. ಅದು ದಿನಾ ಹೊಡಿಬೇಕು, ಪೂರಾ ಹತ್ತಾಕ ವಾರ ಎರಡು ವಾರ ಬೇಕು, ಎಡಗೈಲೆ ಬಲ ಹೊಳ್ಳಿಗೆ, ನಡುಗೋಡಿಗೆ ಅಲ್ಲ ಕಿವಿ ಕಡಿ ತಿರುಗಿಸಿ.

ಮುಂದಿಂದು ಗಾಳಿಪಟ! 1873ರಾಗ ಈ ಪರಾಗದ ರೋಗದ ಮ್ಯಾಲ ಪುಸ್ತಕ ಬರದ ಮ್ಯಾಂಚೆಸ್ಟರಿನ ಡಾಕ್ಟರ್ ಚಾರ್ಲ್ಸ್ ಬ್ಲ್ಯಾಕ್ಲಿ, ಮ್ಯಾಲಿನ ಗಾಳ್ಯಾಗ ಪರಾಗ ಎಷ್ಟೈತಿ ಅಂತ ನೋಡಾಕ ಅಂಟು ಸ್ಲೈಡ್ ಕಟ್ಟಿ ಗಾಳಿಪಟ ಹಾರಿಸಿದ್ದ, ಅವ್ನಿಗೂ ಇದ ರೋಗ. ದಾರ ತಂದಿಟ್ಟೇನಿ.

ಟೆಸ್ಟ್ ಸೋಮವಾರ. ಅದಕ್ಕೂ ಮೊದ್ಲ ಒಂದ್ ವಾರ ಅಲರ್ಜಿ ಗುಳಿಗಿ ಸೆಟ್ರಿಜಿನ್ ಮುಟ್ಟಬಾರ್ದಂತ, ಇವತ್ತಿಗೆ ಮೂರನೇ ದಿನ, ಇವತ್ತಿನ ಸ್ಲೈಡಿನ್ಯಾಗ 61 ತಪಸಿ. ಐಪೀಸ್ ಮ್ಯಾಲ ಎರಡ್ಸಲ ಸೀನಿ ಒರಸೇನಿ.