ಅಕ್ಕಲಕೋಟ ರಸ್ತೆಯಲ್ಲಿ 10,000 ಮನೆ

ಸೊಲ್ಲಾಪುರಕ್ಕೆ ಹೋದವರು ಸಿದ್ಧೇಶ್ವರನ ಗುಡಿ, ಕೆರೆ ನೋಡಿ, ಚಾದರ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ತಿರುಗಿ ಬರುತ್ತಾರೆ. ಇನ್ನೂ ಅರ್ಧ ದಿನ ಕೈಯಲ್ಲಿದ್ದರೆ ಅಕ್ಕಲಕೋಟ ರಸ್ತೆ ಹಿಡಿಯಬಹುದು. ಹತ್ತಾರು ಕಿಲೋಮೀಟರ್ ಹೋದರೆ ಕುಂಭಾರಿ, ಬೀಡಿ ಕಟ್ಟುವ ಹೆಂಗಸರ 10,000 ಮನೆಗಳ ಕಾಲೊನಿ ಇರುವ ಊರು. ಅಶ್ವಿನಿ ಆಸ್ಪತ್ರೆಯ ಗುರುತು ಹೇಳಿದರೆ ಬಸ್ಸಿನವರು ಇಳಿಸುತ್ತಾರೆ. ಈ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಸಲೀಸಾಗಿ ನಡೆಯುತ್ತದೆ. ಕಾಲೊನಿಯೊಳಗೆ ಹೊಕ್ಕರೆ ಮಾತ್ರ ಕಿವಿಗೆ ಹೆಚ್ಚು ಬೀಳುವುದು ತೆಲುಗು, ಪದ್ಮಶಾಲಿ ನೇಕಾರರ ಮನೆಮಾತು.

ಈ ನೇಕಾರರನ್ನು ಸೊಲ್ಲಾಪುರಕ್ಕೆ ಕರೆತಂದದ್ದು ನೂಲು. 1877ರಲ್ಲಿ ಶುರುವಾದ ಹಳೇ ಗಿರಣಿ 1963ರಲ್ಲಿ ಬಾಗಿಲು ಹಾಕಿತು. ಉಳಿದ ದೊಡ್ಡ ಗಿರಣಿಗಳೂ ಮುಂದೆ ಒಂದೊಂದಾಗಿ ನಿಂತವು. ಗಂಡಸರು ಪವರ್‌ಲೂಮಿಗೆ ಹೋದರು. ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿದರು.

ಆ ಕೆಲಸವನ್ನು ನೋಡದೆ ಈ ಮನೆಗಳು ಅರ್ಥವಾಗುವುದಿಲ್ಲ. ಬೀಡಿ ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ನೀರು ಕಡಿಮೆಯಾದರೆ ಸುತ್ತುವಾಗ ಎಲೆ ಸೀಳುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯ ಸೊಲ್ಲಾಪುರದಲ್ಲಿ ಮೊದಲನೆಯದೇ ಹೆಚ್ಚು. ಹದವಾದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು, ದಪ್ಪ ನರ ತಪ್ಪಿಸಿ ಕತ್ತರಿಸಬೇಕು. ಚಿಟಿಕೆ ತಂಬಾಕು ಹರವಿ ಸುತ್ತಿ, ತುದಿ ಮಡಿಚಿ, ದಾರ ಬಿಗಿಯಬೇಕು. 25ರ ಕಟ್ಟು 40 ಆದರೆ ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲಿ. ಕಂಪನಿ ಕೊಟ್ಟ ಎಲೆ ಹರಿದದ್ದಾದರೆ ಸಾವಿರ ತುಂಬಲು ಎಷ್ಟೋ ಸಲ ಕಟ್ಟುವವರೇ ದುಡ್ಡು ಹಾಕಿ ಎಲೆ ಕೊಳ್ಳುತ್ತಾರೆ. ತಂಬಾಕಿನ ಘಾಟು ಅಡಿಗೆಮನೆಗೂ ತೊಟ್ಟಿಲಿಗೂ ಒಂದೇ. ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿ ಅದರಿಂದ ಪಾರಾಗುವ ದಾರಿಯೇ ಇಲ್ಲ.

ಸ್ವಂತ ಮನೆಗಾಗಿ ಬೀಡಿ ಕಾರ್ಮಿಕರನ್ನು ಸಂಘಟಿಸಿ ಹೋರಾಡಿದವರು ಸಿಐಟಿಯು ಕಾರ್ಮಿಕ ಸಂಘಟನೆಯ ನಾಯಕ, ಮಾಜಿ ಶಾಸಕ ನರಸಯ್ಯ ಆಡಮ್. ಮನೆಯೊಂದಕ್ಕೆ ಕೇಂದ್ರದಿಂದ 20,000 ರೂಪಾಯಿ, ರಾಜ್ಯದಿಂದ 20,000, ಉಳಿದದ್ದು ಬೀಡಿ ಕಟ್ಟುವವಳ ಪಾಲು. 2006ರ ಸೆಪ್ಟೆಂಬರ್ 1ರಂದು ಪ್ರಧಾನಿ ಮನಮೋಹನ ಸಿಂಗ್ ಬಂದು ಮನೆಗಳನ್ನು ಹಸ್ತಾಂತರಿಸಿದರು. ವಾರ್ಲಿ ಆದಿವಾಸಿಗಳನ್ನು ಜೀತದ ವಿರುದ್ಧ ಎಬ್ಬಿಸಿದ ಗೋದಾವರಿ ಪರುಳೇಕರ್ ಅವರ ಹೆಸರನ್ನೇ ಕಾಲೊನಿಗೆ ಇಟ್ಟಿದ್ದಾರೆ: ಗೋದೂತಾಯಿ ಪರುಳೇಕರ್ ನಗರ.

ಮುಂದಿನದು ರೇ ನಗರ, ಒಟ್ಟು 30,000 ಮನೆಗಳ ಯೋಜನೆ. 2019ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಪ್ರಧಾನಿ ನರೇಂದ್ರ ಮೋದಿಯವರೇ 2024ರ ಜನವರಿ 19ರಂದು 15,000 ಮನೆಗಳ ಕೀಲಿ ಕೊಟ್ಟರು. ಇಲ್ಲಿ ಬೀಡಿಯವರ ಜೊತೆ ಪವರ್‌ಲೂಮಿನವರು, ಚಿಂದಿ ಆಯುವವರು, ಡ್ರೈವರುಗಳೂ ಇದ್ದಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಲೆಕ್ಕದಲ್ಲಿ ಮನೆಯೊಂದಕ್ಕೆ ಕೇಂದ್ರದ್ದು ಒಂದೂವರೆ ಲಕ್ಷ, ರಾಜ್ಯದ್ದು ಒಂದು ಲಕ್ಷ.

ಎರಡನ್ನೂ ಒಂದೇ ದಿನ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಳೇ ಕಾಲೊನಿಯ ಮನೆ ನೆಲದ ಮೇಲೆ ಕೂತಿದೆ. ಬಾಗಿಲ ಮುಂದೆ ಬೆಳಕಿದೆ, ಎಲೆ ಕತ್ತರಿಸಲು ನಾಲ್ಕು ಜನ ಕೂಡಬಹುದು, ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಇನ್ನೊಂದು ಖೋಲಿ ಏರಿಸಬಹುದು. ರೇ ನಗರದ್ದು ಅಂತಸ್ತಿನ ಕಟ್ಟಡ. ಗಾರೆ ಗಟ್ಟಿ, ಆದರೆ ಗೋಡೆ ಇದ್ದಷ್ಟೇ ಮನೆ. ಎಲೆಯ ಮೂಟೆ ಮೆಟ್ಟಿಲು ಹತ್ತಬೇಕು, ನೀರಿಗೆ ಪಂಪು ನಡೆಯಬೇಕು, ಕರೆಂಟು ಹೋದರೆ ನೀರೂ ತಲೆಯ ಮೇಲೆ. ಬೀಡಿ ಕಟ್ಟುವವಳಿಗೆ ಹಳೆಯದೇ ವಾಸಿ ಅನಿಸುತ್ತದೆ. ಊರಿಂದ ಇಷ್ಟು ದೂರ ಬಂದಮೇಲೆ ಬೀಡಿ ಒಪ್ಪಿಸುವ ಕಂಪನಿಯ ಬ್ರಾಂಚ್ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಇಲ್ಲವಾದರೆ ದಿನಗೂಲಿಯ ಒಂದು ಪಾಲು ರಿಕ್ಷಾಕ್ಕೇ ಹೋಗುತ್ತದೆ.

ಬೆಳಿಗ್ಗೆ ಹೋಗುವುದು ಒಳ್ಳೆಯದು, ಏಪ್ರಿಲ್-ಮೇ ಬಿಸಿಲು ಬೇಡ. ಸಂಕ್ರಾಂತಿಗೆ ನಡೆಯುವ ಸಿದ್ಧೇಶ್ವರನ ಗಡ್ಡೆ ಜಾತ್ರೆಯ ದಿನಗಳಲ್ಲಿ ನಂದಿಕೋಲಿನ ಮೆರವಣಿಗೆಗೆ ರಸ್ತೆ ಬಂದ್ ಮಾಡುತ್ತಾರೆ, ಬಸ್ಸು ಸುತ್ತುಬಳಸಿ ಹೋಗುತ್ತದೆ. ಮೊರದ ಮುಂದೆ ಕೂತವರ ಫೋಟೋ ಕೇಳದೆ ತೆಗೆಯಬೇಡಿ. ಕೇಳುವಾಗಲೂ 25ರ ಕಟ್ಟು ಮುಗಿಯಲಿ, ನಡುವೆ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ.