ಶಾಂಪೇನ್ ಕೊಳ್ಳುವ ಮುನ್ನ ಬಾಟಲಿಯ ಬೆನ್ನು ನೋಡಿ

ಶಾಂಪೇನಿಗೆ ಎರಡು ವಯಸ್ಸು. ಯೀಸ್ಟಿನ ಗಸಿಯ ಜೊತೆ ನೆಲಮಾಳಿಗೆಯಲ್ಲಿ ಮಲಗಿದ್ದ ಕಾಲ ಒಂದು, ಗಸಿ ತೆಗೆದು ಕಾರ್ಕ್ ಬಿಗಿದ ಮೇಲಿನ ಕಾಲ ಇನ್ನೊಂದು. ಮುಂದಿನ ಲೇಬಲ್ಲಿನ ಇಸವಿ ಹೇಳುವುದು ದ್ರಾಕ್ಷಿ ಕೊಯ್ದ ವರ್ಷವನ್ನು ಮಾತ್ರ. ದೊಡ್ಡ ಮೊತ್ತ ಕೊಡುವವರು ಹಿಂದಿನ ಲೇಬಲ್ಲಿನಲ್ಲಿ ಗಸಿ ತೆಗೆದ ತಿಂಗಳನ್ನು ಹುಡುಕಬೇಕು.

ಬಾಟಲಿಯೊಳಗಿನ ಎರಡನೇ ಹುದುಗಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕುತ್ತಾರೆ. ಅದರಿಂದಲೇ 6 ಬಾರ್‌ನಷ್ಟು, ಅಂದರೆ ಹೊರಗಿನ ಗಾಳಿಯ ಸುಮಾರು ಆರು ಪಟ್ಟು ಒತ್ತಡ. ಕೆಲಸ ಮುಗಿಸಿ ಸತ್ತ ಯೀಸ್ಟ್ ನಿಧಾನವಾಗಿ ಕರಗುತ್ತಾ ಸುಟ್ಟ ಬ್ರೆಡ್ಡಿನ ಪರಿಮಳ ಕೊಡುತ್ತದೆ, ಆಮ್ಲಜನಕದಿಂದ ವೈನನ್ನು ಕಾಯುತ್ತದೆ. ಕಾನೂನಿನ ಪ್ರಕಾರ ಇಸವಿ ಇಲ್ಲದ ಬಾಟಲಿ 15 ತಿಂಗಳು ಮಾಗಬೇಕು (ಅದರಲ್ಲಿ 12 ಗಸಿಯ ಮೇಲೆ), ಇಸವಿ ಇರುವುದು 3 ವರ್ಷ. ಶಾಂಪೇನ್ ತಯಾರಿಸುವ ಒಳ್ಳೆಯ ಮನೆತನಗಳು ಇದನ್ನು ಎಷ್ಟೋ ಮೀರುತ್ತವೆ. ಕ್ರುಗ್ ಮನೆತನದ ಗ್ರಾಂಡ್ ಕುವೆ ಸುಮಾರು 7 ವರ್ಷ ಮಾಳಿಗೆಯಲ್ಲಿರುತ್ತದೆ.

ಗಸಿ ಹೊರಬಿದ್ದ ಕ್ಷಣದಿಂದ ಗಾಳಿಯ ಕೆಲಸ ಶುರು. ಹಾಗಾಗಿ 2017ರಲ್ಲಿ ಗಸಿ ತೆಗೆದ 2008ರ ವೈನೂ 2023ರಲ್ಲಿ ತೆಗೆದ ಅದೇ ವೈನೂ ನಾಲಿಗೆಗೆ ಬೇರೆ ಬೇರೆ. ಮೊದಲನೆಯದರಲ್ಲಿ ಜೇನು, ಬಾದಾಮಿಯ ಛಾಯೆ ಮುಂದಿರುತ್ತದೆ. ಎರಡನೆಯದು ಬಿಗಿಯಾಗಿ, ಚುರುಕಾಗಿರುತ್ತದೆ. ಹಳೆಯದೇ ಮೇಲು ಎಂದೇನಿಲ್ಲ, ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆಂದು ಗೊತ್ತಿರಬೇಕು.

ಕ್ರುಗ್ ಬಾಟಲಿಯ ಹಿಂದಿನ 6 ಅಂಕಿಗಳಲ್ಲಿ ಮೊದಲನೆಯದು ಗಸಿ ತೆಗೆದ ತ್ರೈಮಾಸಿಕ, ಮುಂದಿನೆರಡು ಅದರ ಇಸವಿ. ಜಾಕ್‌ಸೋನ್‌ನ 700ರ ಸರಣಿಯಲ್ಲಿ (ಆ ಮನೆತನ ಪ್ರತಿ ಕೊಯ್ಲಿಗೂ ಒಂದು ಸಂಖ್ಯೆ ಕೊಡುತ್ತದೆ) 728 ಅಂದರೆ 2000ದ ಕೊಯ್ಲು, 745 ಅಂದರೆ 2017ರದು. ಏನೂ ಬರೆದಿರದ ಬಾಟಲಿಯನ್ನು ಮಾಲು ಬೇಗ ಖಾಲಿಯಾಗುವ ಅಂಗಡಿಯಲ್ಲೇ ಕೊಳ್ಳಿ. ಕಿಟಕಿಯ ಬಳಿ ಬೆಳಕಿಗೆ ನಿಲ್ಲಿಸಿದ್ದು ಬೇಡವೇ ಬೇಡ. ಬೆಳಕು ತಗುಲಿದ ಶಾಂಪೇನಿಗೆ ಬೆಂದ ಎಲೆಕೋಸಿನ ವಾಸನೆ ಬರುತ್ತದೆ. ಬಣ್ಣವಿಲ್ಲದ ಗಾಜಿನಲ್ಲಿ ಬರುವ ಕ್ರಿಸ್ಟಾಲ್ ಎಂಬ ಶಾಂಪೇನಿಗೆ ಹಳದಿ ಕಾಗದ ಸುತ್ತಿರುವುದು ಶೋಕಿಗಲ್ಲ, ಅದನ್ನು ಬಿಚ್ಚದೆ ಇಡಿ.

ಲೇಬಲ್ಲಿನ ಅಂಚಿನಲ್ಲಿ ಸಣ್ಣಕ್ಷರದ ‘ಆರ್‌ಎಂ’ ಇದ್ದರೆ ರೈತನೇ ತನ್ನ ದ್ರಾಕ್ಷಿಯಿಂದ ಮಾಡಿದ್ದು. ‘ಎನ್‌ಎಂ’ ಆದರೆ ದ್ರಾಕ್ಷಿ ಕೊಂಡೂ ಮಾಡುವ ಮನೆತನ. ಆವೀಜ್, ಆಂಬೊನೇ ತರಹದ ಗ್ರಾಂಡ್ ಕ್ರು (ಅತ್ಯುನ್ನತ ದರ್ಜೆಯ) ಹಳ್ಳಿಗಳ ಒಳ್ಳೆಯ ರೈತರ ಬಾಟಲಿ ಎಷ್ಟೋ ಸಲ ದೊಡ್ಡ ಹೆಸರಿನ ಸಾಮಾನ್ಯ ಬ್ರೂಟ್‌ನ (ಸಿಹಿ ಕಡಿಮೆಯ ಶಾಂಪೇನಿನ) ಬೆಲೆಗೇ ಸಿಗುತ್ತದೆ. ನನ್ನ ಮತ ಅದಕ್ಕೇ. ಇಡುವುದಕ್ಕಾದರೆ 2008, 2012ರ ಕೊಯ್ಲು. ಸೆಕೆಯ 2003ರಲ್ಲಿ ಹುಳಿ ಸಾಲದು. 2011, 2017 ಕೊಳ್ಳುವಾಗ ಹುಷಾರು.

ಹತ್ತು ವರ್ಷ ಇಡುವ ಯೋಚನೆಯಿದ್ದರೆ ಮ್ಯಾಗ್ನಮ್ ಕೊಳ್ಳಿ. ಎರಡು ಬಾಟಲಿಯಷ್ಟು, 1.5 ಲೀಟರ್ ವೈನಿದ್ದರೂ ಕುತ್ತಿಗೆ ಹೆಚ್ಚುಕಡಿಮೆ ಸಾಮಾನ್ಯ ಬಾಟಲಿಯಷ್ಟೇ ಅಗಲ, ವೈನಿನ ಪಾಲಿಗೆ ಸಿಗುವ ಗಾಳಿ ಕಡಿಮೆ, ಹಾಗಾಗಿ ವಯಸ್ಸು ನಿಧಾನ. ಎರಡು ಬಾಟಲಿಗಿಂತ ತುಸು ಹೆಚ್ಚು ಕೇಳಿದರೂ ನಷ್ಟವಿಲ್ಲ. ಬೆಂಗಳೂರಿನ ಅಂಗಡಿಯ ಬೆಲೆಯಲ್ಲಿ ಆಮದು ಸುಂಕ, ಅದರ ಮೇಲೆ ರಾಜ್ಯದ ಅಬಕಾರಿಯೂ ಸೇರಿರುತ್ತದೆ. ವಿದೇಶದಿಂದ ಬರುವ ಪ್ರಯಾಣಿಕರಿಗೆ 2 ಲೀಟರ್ ಮದ್ಯದ ವಿನಾಯಿತಿ ಇದೆ, ಒಂದು ಮ್ಯಾಗ್ನಮ್ ಅದರೊಳಗೆ ಕೂರುತ್ತದೆ.

ಆದರೆ ಅದನ್ನು ಏಪ್ರಿಲ್ಲಿನ ಬೆಂಗಳೂರಿನ ಅಡುಗೆಮನೆ ಕಪಾಟಿನಲ್ಲಿಟ್ಟರೆ ಮುಗಿಯಿತು. ಶಾಂಪೇನ್ ಸೀಮೆಯ ರ‍್ಯಾನ್ಸ್ ಊರಿನ ಸುಣ್ಣಕಲ್ಲಿನ ನೆಲಮಾಳಿಗೆಗಳು ವರ್ಷಪೂರ್ತಿ 10ರಿಂದ 12 ಡಿಗ್ರಿ. ಮನೆಯಲ್ಲಿ ಅದಕ್ಕೆ ವೈನ್ ಕೂಲರ್ ಬೇಕೇ ಬೇಕು. ಅದಿಲ್ಲದವರು ತಂದ ಕೆಲವೇ ತಿಂಗಳಲ್ಲಿ ಕುಡಿದುಬಿಡುವುದು ವಾಸಿ.

ಹಳೆಯದನ್ನು 10–12 ಡಿಗ್ರಿಯಲ್ಲೇ, ಹೊಟ್ಟೆ ಅಗಲವಿರುವ ಟ್ಯುಲಿಪ್ ಗ್ಲಾಸಿಗೆ ಸುರಿಯಿರಿ. ತೀರಾ ತಣ್ಣಗಾದರೆ ಪರಿಮಳ ಏಳುವುದಿಲ್ಲ. ತಂತಿಯ ಜಾಲರಿಗೆ ಆರು ಅರ್ಧ ಸುತ್ತು ಸಾಕು. ಆಮೇಲೆ ಬಾಟಲಿ ಓರೆ ಹಿಡಿದು, ಕಾರ್ಕನ್ನಲ್ಲ, ಬಾಟಲಿಯನ್ನು ತಿರುಗಿಸಿ. ಹೊರಬಂದ ಕಾರ್ಕಿನ ಬುಡ ಲಂಗದಂತೆ ಅರಳಿದರೆ ಗಸಿ ತೆಗೆದು ಹೆಚ್ಚು ಕಾಲವಾಗಿಲ್ಲ, ಅದೇ ಪೆಟ್ಟಿಗೆಯ ಉಳಿದವು ಕಾಯಬಹುದು. ಗೂಟದಂತೆ ನೆಟ್ಟಗೇ ಉಳಿದಿದ್ದರೆ, ಗುಳ್ಳೆಯೂ ಸಣ್ಣಗಾಗಿದ್ದರೆ, ಉಳಿದವನ್ನು ಈ ವರ್ಷವೇ ತೆರೆಯಿರಿ.